ಕೊಡೆ ಹಿಡಿಯಲು ಕಷ್ಟವಾದರೆ ಆರು

ಸಂಜೆ ಮಳೆಗೆ ಮುಂಚೆ ಗಾಳಿ ರೊಯ್ಯನೆ ಬೀಸಿತು ಅನ್ನಿ. ಅಜ್ಜಿ ಅದನ್ನು ಬಿರುಗಾಳಿ ಅನ್ನುತ್ತಾರೆ. ಪಕ್ಕದ ಮನೆಯ ಮಾವ, "ಇದೆಂಥ ಬಿರುಗಾಳಿ, ಸ್ವಲ್ಪ ಜೋರಾಗಿ ಬೀಸಿತು ಅಷ್ಟೆ" ಅನ್ನುತ್ತಾರೆ. ಮನೆಯಲ್ಲಿ ಇದರಿಂದ ಏನೂ ಕೆಡುವುದಿಲ್ಲ. ಆದರೆ ಹಾಯಿಹಡಗಿನವರು ಹೀಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರೆ, ಎಷ್ಟು ಹಾಯಿ ಬಿಚ್ಚಬೇಕು, ಎಷ್ಟು ಸುತ್ತಿಡಬೇಕು ಎಂದು ತಿಳಿಯುವುದು ಹೇಗೆ?

ಬ್ರಿಟನ್ನಿನ ನೌಕಾಪಡೆಯ ಫ್ರಾನ್ಸಿಸ್ ಬ್ಯೂಫರ್ಟ್ 1806ರಲ್ಲಿ ತಮ್ಮ ದಿನಚರಿಯಲ್ಲಿ ಗಾಳಿಗೆ ನಂಬರು ಹಾಕತೊಡಗಿದರು. ಅದು ಮುಂದೆ 0ರಿಂದ 12ರವರೆಗಿನ ಪಟ್ಟಿಯಾಗಿ ನೆಲೆನಿಂತಿತು. ಗಾಳಿ ಕಣ್ಣಿಗೆ ಕಾಣುವುದಿಲ್ಲವಲ್ಲ, ಅದಕ್ಕೆ ಹಡಗಿನ ಹಾಯಿ ನೋಡಿ ಅಳತೆ. 12 ಎಂದರೆ ಯಾವ ಹಾಯಿಬಟ್ಟೆಯೂ ತಾಳದ ಗಾಳಿ.

ಹಾಯಿ ಇಲ್ಲದ ಊರಿನವರೇನು ಮಾಡಬೇಕು? 1906ರಲ್ಲಿ ಜಾರ್ಜ್ ಸಿಂಪ್ಸನ್ ಎಂಬ ವಿಜ್ಞಾನಿ ಈ ಪಟ್ಟಿಗೆ ನೆಲದ ಮೇಲಿನ ಗುರುತುಗಳನ್ನು ಜೋಡಿಸಿದರು. (ಇವರು ಸಿಮ್ಲಾಕ್ಕೆ ಬಂದು ನಮ್ಮ ಹವಾಮಾನ ಇಲಾಖೆಯಲ್ಲೂ ದುಡಿದವರು.) ಒಲೆಯ ಹೊಗೆ ನೆಟ್ಟಗೆ ಮೇಲೇರಿದರೆ ಸೊನ್ನೆ. ಮುಖಕ್ಕೆ ಗಾಳಿ ತಾಗಿ, ಎಲೆ ಸರಸರ ಎಂದರೆ ಎರಡು. ಧೂಳು, ಕಾಗದದ ಚೂರು ಹಾರಿದರೆ ನಾಲ್ಕು. ದೊಡ್ಡ ಕೊಂಬೆಗಳು ಅಲ್ಲಾಡಿ, ತಂತಿಗಳು ಸಿಳ್ಳೆ ಹಾಕಿ, ಕೊಡೆ ಹಿಡಿಯುವುದೇ ಕಷ್ಟವಾದರೆ ಆರು. ನನಗೆ ಬಹಳ ಇಷ್ಟವಾದ ಗುರುತು ಇದೇ. ಎಂಟಕ್ಕೆ ಸಣ್ಣ ರೆಂಬೆಗಳು ಮುರಿಯುತ್ತವೆ, ಹತ್ತಕ್ಕೆ ಮರವೇ ಬುಡಸಮೇತ ಉರುಳುತ್ತದೆ.

ಈಗ ಒಂದು ಮೋಜು ನೋಡಿ. ಈ ಪಟ್ಟಿಯಲ್ಲಿ ಎಂಟು ಶುರುವಾಗುವುದು ಗಂಟೆಗೆ 62 ಕಿಲೋಮೀಟರ್ ವೇಗಕ್ಕೆ, ಹತ್ತು 89ಕ್ಕೆ, ಹನ್ನೆರಡು 118ಕ್ಕೆ. ನಮ್ಮ ಹವಾಮಾನ ಇಲಾಖೆಯವರು ಸಮುದ್ರದ ಮೇಲಿನ 'ವಾಯುಭಾರ ಕುಸಿತ'ವನ್ನು 'ಚಂಡಮಾರುತ' ಎಂದು ಕರೆಯುವುದು ಯಾವಾಗ ಗೊತ್ತೇ? ಅದರ ಗಾಳಿ 62 ಮುಟ್ಟಿದಾಗ! 89ಕ್ಕೆ ಅದು 'ತೀವ್ರ', 118ಕ್ಕೆ 'ಅತಿ ತೀವ್ರ'. ಹಾಯಿಹಡಗಿನ ಕಾಲದ ಮೆಟ್ಟಿಲುಗಳು ಇವತ್ತಿನ ಟಿವಿ ಸುದ್ದಿಯಲ್ಲೂ ಹಾಗೇ ಉಳಿದಿವೆ. 222 ದಾಟಿದರೆ ಸೂಪರ್ ಸೈಕ್ಲೋನ್. 1999ರಲ್ಲಿ ಒಡಿಶಾಕ್ಕೆ ಅಪ್ಪಳಿಸಿದ್ದು ಅಂಥದ್ದು.

ಒಂದು ಕ್ಷಣ ರಪ್ಪೆಂದು ಬೀಸಿದ್ದು ಈ ಲೆಕ್ಕಕ್ಕೆ ಸಾಲದು. ಇಲಾಖೆ ನೋಡುವುದು ಮೂರು ನಿಮಿಷದ ಸರಾಸರಿ ವೇಗ.

62 ದಾಟಿದ ಚಂಡಮಾರುತಕ್ಕೆ ಹೆಸರೂ ಸಿಗುತ್ತದೆ. ಸುತ್ತಲಿನ ದೇಶಗಳು ಮೊದಲೇ ಹೆಸರು ಕೊಟ್ಟಿರುತ್ತವೆ. 2021ರ ಮೇ ತಿಂಗಳಲ್ಲಿ ನಮ್ಮ ಕರಾವಳಿಗೂ ಪೆಟ್ಟು ಕೊಟ್ಟು ಗುಜರಾತಿಗೆ ಹೋದ 'ತೌಕ್ತೆ'ಗೆ ಹೆಸರಿಟ್ಟಿದ್ದು ಮ್ಯಾನ್ಮಾರ್. ಅದು ಅಲ್ಲಿಯ ಒಂದು ಬಗೆಯ ಹಲ್ಲಿಯ ಹೆಸರು!

ಸುಂಟರಗಾಳಿಗೆ ಬಂದರೆ ಸ್ವಲ್ಪ ಗೋಜಲು. ಬೇಸಿಗೆಯಲ್ಲಿ ಹೊಲದ ತರಗೆಲೆ, ಧೂಳು ಎತ್ತಿಕೊಂಡು ಗಿರಗಿರ ತಿರುಗಿ, ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ಮಾಯವಾಗುವುದನ್ನೂ ಹಾಗೆನ್ನುತ್ತೇವೆ. ಅಮೆರಿಕದಲ್ಲಿ ಮನೆ ಕಿತ್ತೆಸೆಯುವ ಟಾರ್ನೆಡೋಗೂ ಪತ್ರಿಕೆಗಳು ಅದೇ ಹೆಸರು ಬರೆಯುತ್ತವೆ. ಎರಡೂ ಬೇರೆ. ಟಾರ್ನೆಡೋ ಗುಡುಗಿನ ದೊಡ್ಡ ಮೋಡದಿಂದ ನೆಲದವರೆಗೆ ಚಾಚಿರುತ್ತದೆ. ಹೊಲದ್ದು ಕಾದ ನೆಲದಿಂದ ಮೇಲೇಳುತ್ತದೆ, ಅದಕ್ಕೆ ಮೋಡವೇ ಬೇಕಿಲ್ಲ. ಮುಂದಿನ ಸಲ ಸುಂಟರಗಾಳಿ ಕಂಡರೆ ದೂರದಲ್ಲೇ ನಿಂತು, ಕಣ್ಣಿಗೆ ಧೂಳು ಬೀಳದಂತೆ ಕೈ ಅಡ್ಡ ಹಿಡಿದು, ಆಕಾಶ ನೋಡಿ.