ಜೀವದಯೆಯ ಪಾಠ

ಶಾಲೆಯ ಮಕ್ಕಳಿಗೆ ಜೀವದಯೆಯನ್ನು ಕಲಿಸಬೇಕೆಂಬ ಮಾತಿಗೆ ಎದುರಾಡುವವರು ಯಾರೂ ಇರಲಾರರು. 1976ರಲ್ಲಿ ನಮ್ಮ ಸಂವಿಧಾನಕ್ಕೆ ಮೂಲಭೂತ ಕರ್ತವ್ಯಗಳನ್ನು ಸೇರಿಸಿದಾಗ ಕಾಡು, ಕೆರೆ, ನದಿ, ವನ್ಯಜೀವಿಗಳನ್ನು ಕಾಪಾಡುವುದರ ಜೊತೆಗೆ ಸಕಲ ಜೀವಿಗಳಲ್ಲಿ ಅನುಕಂಪವುಳ್ಳವರಾಗಿರುವುದೂ ಪ್ರಜೆಗಳ ಕರ್ತವ್ಯವೆಂದು ಬರೆಯಲಾಯಿತು. ಮರುಕವೂ ಒಂದು ಕರ್ತವ್ಯವಾದೀತೇ ಎಂದು ನಗುವವರುಂಟು. ನನಗೆ ಹಾಗೆ ನಗು ಬರುವುದಿಲ್ಲ. ಕರ್ತವ್ಯವೆಂದು ಒಪ್ಪಿದ ಮೇಲೆ ಅದನ್ನು ಮಕ್ಕಳಿಗೆ ಕಲಿಸುವ ಬಗೆ ಯಾವುದೆಂಬಲ್ಲಿ ಮಾತ್ರ ನನಗೆ ಸಂದೇಹಗಳಿವೆ.

ಹಳೆಗನ್ನಡ ಕಾವ್ಯಗಳನ್ನು ಪಾಠ ಹೇಳುತ್ತ ಆಯುಷ್ಯದ ಬಹುಭಾಗವನ್ನು ಕಳೆದವನು ನಾನು. ಈ ವಿಷಯ ಬಂದಾಗ ಜನ್ನನನ್ನು ನೆನೆಯದೆ ಮುಂದುವರಿಯಲಾರೆ. 1209ರಲ್ಲಿ ಆತ ರಚಿಸಿದ ಯಶೋಧರ ಚರಿತೆಯಲ್ಲಿ ಅರಸನು ತಾಯಿಯ ಒತ್ತಾಯಕ್ಕೆ ಮಣಿದು ದೇವಿಗೆ ಹಿಟ್ಟಿನ ಕೋಳಿಯೊಂದನ್ನು ಬಲಿಗೊಡುತ್ತಾನೆ. ಕತ್ತಿ ಬಿದ್ದುದು ಬರಿಯ ಹಿಟ್ಟಿನ ಮೇಲೆ. ಆದರೂ ಆ ಸಂಕಲ್ಪದ ಫಲವಾಗಿ ತಾಯಿಮಗ ಇಬ್ಬರೂ ನವಿಲು, ನಾಯಿ, ಮೀನು, ಆಡುಗಳಾಗಿ, ಕಡೆಗೆ ಕೋಳಿಗಳೇ ಆಗಿ ಹುಟ್ಟಿಹುಟ್ಟಿ ನೋಯಬೇಕಾಗುತ್ತದೆ. ಹಿಂಸೆಯನ್ನು ಮನಸ್ಸಿನಲ್ಲಿಯೇ ಅಳೆದು ನೋಡಿದ ಕವಿ ಅವನು. ಆ ಮಹಾಕವಿಯ ಎದುರು ವಿನಯದಿಂದಲೇ ಒಂದು ಮಾತು ಹೇಳುತ್ತೇನೆ. ಹಿಂಸೆಗೆ ಸಂಕಲ್ಪವೇ ಸಾಕಾದೀತು, ಕರುಣೆಗೆ ಅದು ಸಾಲದು. ಅದಕ್ಕೆ ಕೈ ಬೇಕು, ಹೊತ್ತು ಬೇಕು, ಒಮ್ಮೊಮ್ಮೆ ಕೈಯಿಂದ ಕಾಸೂ ಬಿಡಬೇಕು. ನಮ್ಮ ಶಾಲೆಗಳಲ್ಲಿ ನಾವು ಮಕ್ಕಳ ಸಂಕಲ್ಪವನ್ನು ಮಾತ್ರ ತಿದ್ದಲು ಹೊರಟಿದ್ದೇವೆ.

ತಲೆಮಾರುಗಳಿಂದ ನಮ್ಮ ಮಕ್ಕಳು ಗೋವಿನ ಹಾಡನ್ನು ಕೇಳಿ ಕಣ್ಣೀರಿಟ್ಟಿದ್ದಾರೆ. ಅದೇನೂ ಸಣ್ಣ ಸಂಗತಿಯಲ್ಲ. ಪುಣ್ಯಕೋಟಿ ತನ್ನ ಕರುವನ್ನು ಬೀಳ್ಕೊಳ್ಳುವ ಎಡೆಯಲ್ಲಿ ಇಡೀ ತರಗತಿ ನಿಶ್ಶಬ್ದವಾಗುವುದನ್ನು ನಾನು ಬಲ್ಲೆ. ಆದರೆ ಆ ಕಣ್ಣೀರು ಆರುವ ಮೊದಲೇ ‘ಸಂದರ್ಭ ಸೂಚಿಸಿ ವಿವರಿಸಿರಿ’ ಎಂಬ ಪ್ರಶ್ನೆ ಬಂದು ನಿಲ್ಲುತ್ತದೆ. ಒಮ್ಮೆ ಒಂದು ಶಾಲೆಯಲ್ಲಿ ಹಿಂದಿನ ಬೆಂಚಿನ ಮೇಲೆ ಕುಳಿತು ಈ ಪಾಠವನ್ನು ಕೇಳುತ್ತಿದ್ದೆ. ಹಾಡು ಮುಗಿದು ಹುಲಿ ಪ್ರಾಣಬಿಟ್ಟ ಮೇಲೆ ಪುಟ್ಟ ಹುಡುಗಿಯೊಬ್ಬಳು ಎದ್ದು ನಿಂತು, “ಹುಲಿಗೂ ಹಸಿವಾಗಿತ್ತಲ್ಲ ಸಾರ್, ಅದು ಏನು ತಿನ್ನಬೇಕಾಗಿತ್ತು?” ಎಂದು ಕೇಳಿದಳು. “ಅದು ಪರೀಕ್ಷೆಗೆ ಬರೋದಿಲ್ಲ, ಕೂತ್ಕೋಮ್ಮ” ಎಂದರು ಉಪಾಧ್ಯಾಯರು. ಅವರನ್ನು ದೂಷಿಸಲಾರೆ; ಪಾಠಗಳನ್ನು ಮುಗಿಸುವ ಅವಸರ ಎಂಥದೆಂಬುದು ನನಗೂ ಗೊತ್ತು. ಆದರೆ ಹಸುವಿಗಾಗಿ ಅತ್ತ ಆ ಮಗು ಹುಲಿಯ ಹಸಿವನ್ನೂ ಎಣಿಕೆಗೆ ತಂದುಕೊಂಡಿತ್ತು. ಪಾಠ ಅಲ್ಲಿಂದ ಆರಂಭವಾಗಬಹುದಾಗಿತ್ತು.

ಕರುಣೆಗೆ ಕೈ ಬೇಕೆಂದೆನಷ್ಟೆ. ಅದಕ್ಕೆ ನಿದರ್ಶನ ಹುಡುಕುತ್ತ ದೂರ ಹೋಗಬೇಕಾದುದಿಲ್ಲ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಕೊಕ್ಕರೆ ಬೆಳ್ಳೂರು ಎಂಬ ಹಳ್ಳಿಯಿದೆ. ಪ್ರತಿ ವರ್ಷ ಚಳಿಗಾಲದಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಅಲ್ಲಿಗೆ ಬಂದು, ಊರ ನಡುವೆಯೇ, ಮನೆಗಳ ಮಾಡಿನ ಮೇಲೆ ಚಾಚಿಕೊಂಡಿರುವ ಹುಣಸೆ, ಅರಳಿ ಮರಗಳಲ್ಲಿ ಗೂಡು ಕಟ್ಟುತ್ತವೆ. ಹೆಣ್ಣುಮಕ್ಕಳು ಬಾಣಂತನಕ್ಕೆ ತವರಿಗೆ ಬಂದ ಹಾಗೆ ಎಂದು ಊರವರು ಹೇಳುತ್ತಾರೆ. ಹಿಂದೆ ಪ್ಲೇಗಿಗೆ ಅಂಜಿ ಊರು ಹೊಳೆಯ ದಡದಿಂದ ಈಗಿನ ಜಾಗಕ್ಕೆ ಬಂದಾಗ ಹಕ್ಕಿಗಳೂ ಬೆನ್ನು ಹತ್ತಿ ಬಂದವೆಂಬುದು ಅಲ್ಲಿಯ ಹಿರಿಯರ ಮಾತು. ಕೇಳಲು ಸೊಗಸಾಗಿದೆ. ಆದರೆ ನಾನು ನಿಮ್ಮ ಗಮನವನ್ನು ಸೆಳೆಯಬೇಕೆಂದಿರುವುದು ಹುಣಸೆಯ ಹಣ್ಣಿನ ಕಡೆಗೆ.

ಮರದಲ್ಲಿ ಮರಿಗಳು ಬೆಳೆಯುವ ಕಾಲಕ್ಕೇ ಹುಣಸೆಯ ಹಣ್ಣೂ ಮಾಗುತ್ತದೆ. ಕೊಂಬೆ ಬಡಿದರೆ ಹಣ್ಣಿನೊಡನೆ ಗೂಡೂ ಉದುರುತ್ತದೆ. ಆದುದರಿಂದ ಮರದೊಡೆಯನು ಆ ಫಸಲನ್ನು ಬಿಟ್ಟುಕೊಡಬೇಕು. ಅರಣ್ಯ ಇಲಾಖೆ ಒಂದಿಷ್ಟು ಪರಿಹಾರ ಕೊಡುವ ಏರ್ಪಾಡನ್ನು ಮಾಡಿತಾದರೂ ಅದಕ್ಕೆ ಬಹಳ ಮೊದಲಿನಿಂದಲೂ ಊರು ಹಕ್ಕಿಗಳನ್ನು ಇರಗೊಟ್ಟಿತ್ತು. ಹಿಕ್ಕೆಯ ನಾತವನ್ನು ಸಹಿಸಿಕೊಂಡಿತ್ತು. ಆ ಹಿಕ್ಕೆಯನ್ನು ಕೂಡಿಸಿ ಹೊಲಕ್ಕೆ ಗೊಬ್ಬರವಾಗಿಯೂ ಹಾಕಿಕೊಂಡಿತ್ತು. ಇದರಲ್ಲಿ ಲಾಭದ ಲೆಕ್ಕವೂ ಉಂಟೆಂದು ಮೂಗು ಮುರಿಯುವವರನ್ನು ನಾನು ಒಪ್ಪಲಾರೆ. ಕೊಟ್ಟು ಕೊಳ್ಳುವ ನಂಟಿನಲ್ಲಿಯೂ ಕರುಣೆ ಬಾಳಬಲ್ಲದು.

ಗೂಡಿನಿಂದ ಕೆಳಗೆ ಬಿದ್ದ ಹೆಜ್ಜಾರ್ಲೆ ಮರಿಗೆ ತಾಯಿ ನೆಲಕ್ಕಿಳಿದು ಉಣಿಸುವುದಿಲ್ಲ. ಹಾಗೆಯೇ ಬಿಟ್ಟರೆ ಅದು ಹಸಿವಿನಿಂದಲೋ ನಾಯಿಯ ಬಾಯಿಂದಲೋ ಸಾಯುತ್ತದೆ. 1990ರ ದಶಕದಲ್ಲಿ ಮೈಸೂರಿನ ನಿಸರ್ಗಾಸಕ್ತರ ನೆರವಿನಿಂದ ಊರಿನ ಯುವಕರು ‘ಹೆಜ್ಜಾರ್ಲೆ ಬಳಗ’ವನ್ನು ಕಟ್ಟಿಕೊಂಡು, ಅಂಥ ಮರಿಗಳನ್ನು ಎತ್ತಿ ತಂದು, ಬೇಲಿಯೊಳಗಿಟ್ಟು, ಮೀನು ತಿನ್ನಿಸಿ ಸಾಕಿ ಹಾರಿಬಿಡುವ ಕೆಲಸಕ್ಕೆ ಕೈಹಾಕಿದರು. ಹೆಜ್ಜಾರ್ಲೆಯ ಮರಿ ಮುದ್ದಾದ ಪ್ರಾಣಿಯೆಂದು ಯಾರೂ ಹೇಳಲಾರರು. ಮೀನಿನ ವಾಸನೆ, ತೀರದ ಹಸಿವು. ಒಂದು ದಿನ ತಪ್ಪಿದರೂ ನಡೆಯದ ಕೆಲಸ. 2007ರಲ್ಲಿ ಸರ್ಕಾರವು ಈ ತಾಣವನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಅದಾದ ಹತ್ತು ವರ್ಷಕ್ಕೆ, 2017ರ ಕೊನೆಯಿಂದ ಕೆಲವು ತಿಂಗಳು, ಹೆಜ್ಜಾರ್ಲೆಗಳು ಸತ್ತು ಸತ್ತು ಬಿದ್ದವು. ಪರೀಕ್ಷಿಸಿ ನೋಡಿದಾಗ ಕಂಡುದು ಮೀನಿನ ಮೂಲಕ ಹೊಟ್ಟೆ ಸೇರುವ ಜಂತುಹುಳುಗಳ ಹಾವಳಿ. ಊರ ಮರದಡಿಯಲ್ಲಿ ಎಷ್ಟು ಅಕ್ಕರೆಯಿದ್ದರೇನು, ಹಕ್ಕಿ ಉಣ್ಣುವುದು ಬೇರೆ ಬೇರೆ ಕೆರೆಗಳಲ್ಲಿ. ಹಕ್ಕಿಯನ್ನು ಕಾಯಹೊರಟವರು ಕೆರೆಯ ನೀರಿನವರೆಗೂ ಹೋಗಬೇಕಾಗುತ್ತದೆ. ನಿಸರ್ಗಪಾಠವೆಂದು ನಾವು ಬೇರೆ ಪುಸ್ತಕದಲ್ಲಿ ಹೇಳುವುದು ಇಲ್ಲಿ ದಯೆಯ ಪಾಠದೊಳಗೇ ಬಂದು ಸೇರಿಕೊಳ್ಳುತ್ತದೆ.

ಇನ್ನು ನಮ್ಮ ಶಾಲೆಗಳ ಮಾತು. 1950ರಲ್ಲಿ ವನಮಹೋತ್ಸವ ಆರಂಭವಾದಂದಿನಿಂದ ಎಷ್ಟೋ ಶಾಲೆಗಳಲ್ಲಿ ಮಳೆಗಾಲದ ಒಂದು ದಿನ ಗಿಡ ನೆಡುತ್ತಾರೆ. ಮರುವರ್ಷ ಅದೇ ಗುಂಡಿಯಲ್ಲಿ ಮತ್ತೊಂದು ಗಿಡವನ್ನು ನೆಡುತ್ತಾರೆಂಬ ವಿನೋದ ನಿಮಗೆ ಗೊತ್ತೇ ಇದೆ. ನಡುವೆ ಅದು ಸತ್ತುದು ಯಾವಾಗ? ಬಹುಮಟ್ಟಿಗೆ ಏಪ್ರಿಲ್–ಮೇ ತಿಂಗಳಲ್ಲಿ, ಶಾಲೆಗೆ ಬೀಗ ಬಿದ್ದಾಗ. ಕೊಕ್ಕರೆ ಬೆಳ್ಳೂರಿನಲ್ಲಿ ಮರಿಗಳು ಬೀಳುವುದೂ ಆ ಬಿಸಿಲಿನ ದಿನಗಳಲ್ಲಿಯೇ. ಕೇಳುತ್ತಿರುವವರಲ್ಲಿ ಮುಖ್ಯೋಪಾಧ್ಯಾಯರು ಯಾರಾದರೂ ಇದ್ದರೆ ನನ್ನ ಬಿನ್ನಹವಿಷ್ಟೆ: ನೂರು ಗಿಡ ನೆಡುವ ಬದಲು ಐದು ನೆಡಿ, ಮತ್ತು ಮೇ ತಿಂಗಳಿನಲ್ಲಿ ಯಾವ ವಾರ ಯಾವ ಮಗು ನೀರು ಹೊತ್ತು ಹಾಕಬೇಕೆಂಬ ಪಟ್ಟಿಯನ್ನು ಮಾರ್ಚಿಯಲ್ಲಿಯೇ ಬರೆದು ಗೋಡೆಗೆ ಅಂಟಿಸಿ. ಹಕ್ಕಿಗಳಿಗಾಗಿ ಇಟ್ಟ ಮಣ್ಣಿನ ತಟ್ಟೆಯ ನೀರನ್ನು ದಿನವೂ ಚೆಲ್ಲಿ ಉಜ್ಜಿ ತುಂಬುವುದೂ ಆ ಪಟ್ಟಿಯಲ್ಲಿರಲಿ. ಯಾವುದಾದರೂ ಗಿಡ ಒಣಗಿದರೆ ಗದರಬೇಡಿ. ಏಕೆ ಒಣಗಿತೆಂದು ಬೇರನ್ನು ಕಿತ್ತು ಮಕ್ಕಳೊಡನೆ ಕುಳಿತು ನೋಡಿ.

ತಿಳಿವಳಿಕೆಯಿಲ್ಲದ ಅಕ್ಕರೆ ಕೊಲ್ಲುವುದೂ ಉಂಟು. ಹಾರಲು ಕಲಿಯುತ್ತ ನೆಲಕ್ಕೆ ಬಂದ ಪಿಕಳಾರದ ಮರಿಯನ್ನು ಅನಾಥವೆಂದು ಭಾವಿಸಿ ಮನೆಗೊಯ್ದು ಹಾಲು ಕುಡಿಸುವ ಮಕ್ಕಳಿದ್ದಾರೆ. ಹಕ್ಕಿಗೆ ಹಾಲು ಅರಗುವುದಿಲ್ಲ. ಅದರ ತಾಯಿ ಸಮೀಪದ ಕೊಂಬೆಯಲ್ಲಿಯೇ ಇರುತ್ತದೆ. ಕೈಕಟ್ಟಿ ದೂರ ನಿಂತು, ಬೆಕ್ಕು ಬಾರದಂತೆ ನೋಡಿಕೊಳ್ಳುವುದೇ ಅಲ್ಲಿ ದಯೆ. ಪಂಜರದ ಗಿಳಿಯ ಮಾತಂತೂ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ನಮ್ಮ ಗಿಳಿಗಳನ್ನು ಹಿಡಿದಿಡುವುದು ಅಪರಾಧ.

ಕೊನೆಯದಾಗಿ, ನುಡಿಯಲು ತುಸು ಹಿಂಜರಿಕೆಯಾಗುವ ವಿಷಯ. ದಯೆಯ ಪಾಠವು ಎಷ್ಟೋ ವೇಳೆ ಒಬ್ಬರ ಅಡುಗೆಮನೆಯನ್ನು ಇನ್ನೊಬ್ಬರು ಹಳಿಯುವ ಪಾಠವಾಗಿಬಿಡುತ್ತದೆ. ಆಡುಕುರಿ ಸಾಕುವ ಮನೆಯ ಹುಡುಗನೊಬ್ಬ ತರಗತಿಯಲ್ಲಿ ತಲೆತಗ್ಗಿಸಿ ಕುಳಿತುಕೊಳ್ಳಬೇಕಾಗುತ್ತದೆ. ಯಾವ ಮರಿ ಯಾವ ತಾಯಿಯದೆಂದು ಕೂಗಿನಿಂದಲೇ ಬಲ್ಲವನು ಅವನು. ಮಳೆಯಲ್ಲಿ ನೆನೆದ ಮರಿಯನ್ನು ಕಂಬಳಿಯೊಳಗೆ ಅವುಚಿಕೊಂಡು ಬಂದವನು. ತಾನು ಸಾಕಿದ ಟಗರನ್ನು ಮಾರಿಹಬ್ಬಕ್ಕೆ ಕೊಂಡೊಯ್ದ ದಿನ ಮನಸ್ಸಿಗೆ ಆಗುವುದೇನೆಂಬುದು ಜನ್ನನನ್ನು ಪಾಠ ಹೇಳಿದ ನನಗಿಂತ ಅವನಿಗೆ ಚೆನ್ನಾಗಿ ಗೊತ್ತು. ಅವನನ್ನು ಮುಂದಕ್ಕೆ ಕರೆದು, ತಾಯಿ ಸತ್ತ ಮರಿಗೆ ಹಾಲು ಕುಡಿಸುವುದು ಹೇಗೆ, ಬೇರೊಂದು ಆಡು ಅದನ್ನು ಸೇರಿಸಿಕೊಳ್ಳದಿದ್ದರೆ ಏನು ಮಾಡುತ್ತೀರಿ ಎಂದು ಉಪಾಧ್ಯಾಯರು ಕೇಳಲಿ. ಪಟ್ಟಣದ ಮಕ್ಕಳು ಕೇಳಿಸಿಕೊಳ್ಳಲಿ. ಪಾಠದ ಗಂಟೆ ಮುಗಿದರೂ ಅವನು ಹೇಳುತ್ತಲೇ ಇದ್ದಾನು.