ಓಟ ರಕ್ತದಲ್ಲಿದೆಯೇ?

2020ರ ಐಕಳ ಕಂಬಳದಲ್ಲಿ ಕೋಣಗಳೊಂದಿಗೆ ಓಡಿದ ಮಿಜಾರಿನ ಶ್ರೀನಿವಾಸ ಗೌಡರು 142.5 ಮೀಟರ್ ಕೆಸರುಗದ್ದೆಯ ಕರೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿದಾಗ ದೇಶವೇ ಉಸೇನ್ ಬೋಲ್ಟ್ ಹೆಸರು ತೆಗೆಯಿತು. ಕೋಣಗಳು ಎಳೆದ ವೇಗವನ್ನೂ ಮನುಷ್ಯನ ಲೆಕ್ಕಕ್ಕೇ ಬರೆದರು! ಕೇಂದ್ರ ಕ್ರೀಡಾ ಸಚಿವರು ಪರೀಕ್ಷೆಗೆ ಕರೆದರು. ಗೌಡರು ಒಲ್ಲೆ ಎಂದರು. ಕಂಬಳ ಬೇರೆ, ಟ್ರ್ಯಾಕ್ ಬೇರೆ ಎಂಬುದು ಆ ಕಟ್ಟಡ ಕಾರ್ಮಿಕನಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು.

ನಿಟ್ಟೆಯಲ್ಲಿ ಕೂತ ನಮಗೆ ಮಿಯಾರಿನ ಲವ-ಕುಶ ಕಂಬಳದ ಕರೆ ದೂರವಲ್ಲ, ಆದ್ದರಿಂದ ಕಂಬಳದ ಇನ್ನೊಂದು ಮುಖವನ್ನೂ ಹೇಳಲೇಬೇಕು. ಕಂಬಳದ ಹಿಂದಿನ ರಾತ್ರಿ ಕೊರಗ ಸಮುದಾಯದವರು ಗದ್ದೆ ಬದಿಯಲ್ಲಿ ಡೋಲು ಬಾರಿಸುತ್ತ ಪನಿ ಕುಲ್ಲಬೇಕಿತ್ತು, ಎಂದರೆ ಇಬ್ಬನಿಯಲ್ಲಿ ಕೂರಬೇಕಿತ್ತು. ಕೋಣ ಇಳಿಯುವ ಮೊದಲು ಗದ್ದೆಯಲ್ಲಿ ಅವರನ್ನು ಓಡಿಸುತ್ತಿದ್ದುದೂ ಉಂಟು: ಮುಳ್ಳು, ಗಾಜು ಇದ್ದರೆ ಅವರ ಕಾಲಿಗೇ ತಾಗಲಿ ಎಂದು. ಕೊರಗರಿಂದ ಇಂಥ ಕೆಲಸ ಮಾಡಿಸುವ ಅಜಲು ಪದ್ಧತಿಯ ನಿಷೇಧ ಕಾಯ್ದೆ ಬಂದದ್ದು 2000ದಲ್ಲಿ. ಕೊರಗರೂ ಓಡಿದವರೇ. ಆದರೆ ಆ ಓಟಕ್ಕೆ ಯಾರೂ ಗಡಿಯಾರ ಹಿಡಿಯಲಿಲ್ಲ.

ಗಡಿಯಾರ ಹಿಡಿದದ್ದು ಘಟ್ಟದ ಮೇಲೆ, ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳ ಎದುರು. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಬಂದ ಆಫ್ರಿಕನ್ನರ ವಂಶದವರು ಇವರಲ್ಲಿ ಅನೇಕರು. ಮಾತು ಕೊಂಕಣಿ, ಕನ್ನಡ. 1987ರಲ್ಲಿ ಕ್ರೀಡಾ ಖಾತೆ ಹೊತ್ತಿದ್ದ ನಮ್ಮ ಮಂಗಳೂರಿನ ಮಾರ್ಗರೆಟ್ ಆಳ್ವ ಅವರ ಕಾಲದಲ್ಲಿ, ಭಾರತೀಯ ಕ್ರೀಡಾ ಪ್ರಾಧಿಕಾರದ ವಿಶೇಷ ಯೋಜನೆಯಡಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಒಯ್ದರು. ಬೂಟು, ಮೂರು ಹೊತ್ತು ಊಟ, ಹಾಸ್ಟೆಲ್ ಸಿಕ್ಕಿತು. ಅಥ್ಲೀಟ್ ಕಮಲಾ ಸಿದ್ದಿಯಂಥವರು ಎತ್ತರಕ್ಕೆ ಏರಿದರು. ಈ ಉಪಕಾರವನ್ನು ನಾನು ಸಣ್ಣದು ಮಾಡುವುದಿಲ್ಲ. ಆದರೆ ಆಯ್ಕೆಯ ಹಿಂದಿದ್ದ ನಂಬಿಕೆ ಒಂದೇ: ಆಫ್ರಿಕದ ರಕ್ತ, ಓಡಿಯೇ ಓಡುತ್ತಾರೆ. ರಕ್ತದ ಮೇಲೆ ಹಣ ಹೂಡಿದವರಿಗೆ ಪದಕ ಬೇಗ ಬೇಕು. 1993ರಲ್ಲಿ ಯೋಜನೆ ನಿಂತೇ ಹೋಯಿತು. ಕ್ರೀಡಾ ಕೋಟಾದಲ್ಲಿ ಸರಕಾರಿ ಕೆಲಸ ಹಿಡಿದವರು ನೆಲೆ ಕಂಡರು. ಉಳಿದವರು ಅರ್ಧ ಓದು, ಅರ್ಧ ತರಬೇತಿ ಹೊತ್ತು ಊರಿನ ಕೂಲಿಗೆ ಮರಳಿದರು. ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕದ್ದು ಅದಾಗಿ ಹತ್ತು ವರ್ಷಕ್ಕೆ, 2003ರಲ್ಲಿ. ಅದು ಮೊದಲೇ ಇದ್ದಿದ್ದರೆ ಎಷ್ಟು ಮಂದಿಗೆ ಹುದ್ದೆ ದಕ್ಕುತ್ತಿತ್ತೋ!

ಅದೇ ಹಳಿಯಾಳ ಕುಸ್ತಿಯ ಊರೂ ಹೌದು. ಮರಾಠ ಪೈಲ್ವಾನರ ಮನೆಗಳ ಪಕ್ಕದಲ್ಲೇ ಸಿದ್ದಿಗಳ ಮನೆಗಳೂ ಇವೆ. ಅಲ್ಲಿಂದ ಬಂದ ಲೀನಾ ಸಿದ್ದಿ ರಾಷ್ಟ್ರಮಟ್ಟದ ಕುಸ್ತಿಯಲ್ಲಿ ಗೆದ್ದಿದ್ದಾರೆ. ಆಫ್ರಿಕದ ರಕ್ತದಲ್ಲಿ ಕುಸ್ತಿ ಇದೆ ಎಂದು ಆಗ ಯಾವ ಅಧಿಕಾರಿಯೂ ಬರೆದಿರಲಿಲ್ಲ.