ರೋಮಿಯೋ-ಜೂಲಿಯೆಟ್ ಸಾವು: ಹೊಣೆ ಯಾರದು?



ಷೇಕ್ಸ್‌ಪಿಯರನ ರೋಮಿಯೋ-ಜೂಲಿಯೆಟ್ ನಾಟಕ ನಮ್ಮ ಎರಡೂ ಭಾಷೆಗಳಿಗೆ ಹಳೆಯ ಪರಿಚಯ. ಉರ್ದುವಿನಲ್ಲಿ ಮೆಹದಿ ಹಸನ್ ಅಹ್ಸನ್ ಅವರು ಅದನ್ನು ಪಾರ್ಸಿ ರಂಗಭೂಮಿಗಾಗಿ 'ಬಜ್ಮ್-ಎ-ಫಾನಿ' ಎಂದು ಬರೆದರು. ಕನ್ನಡದಲ್ಲಿ ಸಿ. ಆನಂದರಾಯರು 1889ರಲ್ಲಿ 'ರಾಮವರ್ಮ ಲೀಲಾವತಿ' ಎಂದು ರೂಪಾಂತರಿಸಿದರು. ಈ ಕನ್ನಡ ನಾಟಕದಲ್ಲಿ ಸತ್ತ ಪ್ರೇಮಿಗಳು ವಿಷ್ಣುವಿನ ಕೃಪೆಯಿಂದ ಮತ್ತೆ ಬದುಕುತ್ತಾರೆ. ರಂಗದ ಮೇಲೆ ಹೀಗೆ ಮಾಡಬಹುದು. ಮನೆಯಲ್ಲಿ ಸತ್ತ ಮಗು ಮತ್ತೆ ಏಳುವುದಿಲ್ಲ. ಆದ್ದರಿಂದ ಆ ಸಾವಿಗೆ ಯಾರು ಹೊಣೆ ಎಂದು ನಾವು ಕೇಳಲೇಬೇಕು.

ಎರಡು ಮನೆತನಗಳ ದ್ವೇಷವೇ ಕಾರಣ ಎಂದು ಎಲ್ಲರೂ ಹೇಳುತ್ತಾರೆ. ಅದು ನಿಜ. ಆದರೆ ಜೂಲಿಯೆಟ್‌ಳ ಮನೆಯೊಳಗೆ ಸ್ವಲ್ಪ ನೋಡೋಣ. ಅವಳಿಗೆ ಇನ್ನೂ 14 ತುಂಬಿಲ್ಲ. ನಮ್ಮಲ್ಲಾದರೆ ಎಂಟನೇ ತರಗತಿಯ ಹುಡುಗಿ. ಮದುವೆಗೆ ಕೇಳಿ ಬಂದ ಪ್ಯಾರಿಸ್‌ಗೆ ತಂದೆ ಮೊದಲು, "ಎರಡು ವರ್ಷ ಕಾಯಿರಿ, ಮಗಳು ಒಪ್ಪಬೇಕು" ಎಂಬರ್ಥದ ಒಳ್ಳೆಯ ಮಾತನ್ನೇ ಆಡುತ್ತಾನೆ. ಕೆಲವೇ ದಿನಗಳಲ್ಲಿ ಅದನ್ನು ಮರೆತು, ಅವಳನ್ನು ಕೇಳದೆ ಮದುವೆಯ ದಿನ ಗೊತ್ತುಮಾಡುತ್ತಾನೆ. ಒಲ್ಲೆ ಎಂದರೆ ಬೀದಿಪಾಲು ಮಾಡುವೆನೆಂದು ಗದರಿಸುತ್ತಾನೆ. ತಾಯಿ ಮುಖ ತಿರುಗಿಸುತ್ತಾಳೆ. ಸಾಕಿದ ದಾದಿಯೂ ರೋಮಿಯೋನನ್ನು ಮರೆತುಬಿಡು ಎನ್ನುತ್ತಾಳೆ. ಆಮೇಲೆ ಆ ಮಗು ಪಾದ್ರಿಯಿಂದ ನಿದ್ರೆಯ ಔಷಧಿ ತರುತ್ತದೆ.

ಇಲ್ಲಿ ಒಂದು ಸಂಗತಿ ಗಮನಿಸಿ. ಮಗಳು ಗುಟ್ಟಾಗಿ ರೋಮಿಯೋನನ್ನು ಮದುವೆಯಾಗಿರುವುದು ಆಗ ಆ ತಂದೆತಾಯಿಗೆ ಗೊತ್ತೇ ಇಲ್ಲ. ಹಾಗಾದರೆ ಅವರ ತಪ್ಪೇನು? ಮಗಳಿಗೆ ಸತ್ಯ ಹೇಳುವ ಧೈರ್ಯವೇ ಬಾರದಂತೆ ಮನೆಯನ್ನು ನಡೆಸಿದ್ದು.

"ಹಾಗಾದರೆ ಮಕ್ಕಳು ಹೇಳಿದ್ದಕ್ಕೆಲ್ಲ ಒಪ್ಪಬೇಕೇ?" ಎಂದು ಹಿರಿಯರು ಕೇಳಬಹುದು. ಖಂಡಿತ ಇಲ್ಲ. 14ರ ಹುಡುಗಿಗೆ "ಈಗ ಬೇಡ, ಓದು" ಎನ್ನುವುದು ತಂದೆತಾಯಿಯ ಕರ್ತವ್ಯ. ಮದುವೆಗೆ ಹುಡುಗಿಗೆ 18, ಹುಡುಗನಿಗೆ 21 ವರ್ಷ ಆಗಿರಬೇಕೆಂದು 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯೂ ಹೇಳುತ್ತದೆ. ಆದರೆ ಕಾಯಿರಿ ಎನ್ನುವುದು ಬೇರೆ, ಮನೆಯಿಂದ ಹೊರಗೆ ಹಾಕುವೆನೆನ್ನುವುದು ಬೇರೆ.

ಒಪ್ಪಿಗೆ ಕೇಳುವುದು ನಮಗೆ ಹೊಸದಲ್ಲ. ನಿಕಾಹ್‌ಗೆ ಮೊದಲು ಸಾಕ್ಷಿಗಳು ಹೋಗಿ ಹುಡುಗಿಯ ಒಪ್ಪಿಗೆ ಪಡೆಯುತ್ತಾರೆ. ಆದರೆ ಶಾಮಿಯಾನ ಹಾಕಿ, ಬಿರಿಯಾನಿ ದಮ್‌ಗೆ ಇಟ್ಟ ಮೇಲೆ ಕೇಳಿದರೆ ಅವಳು ಇಲ್ಲ ಎನ್ನಲಾದೀತೇ? ಮಾತು ಕೊಡುವ ಮೊದಲೇ ಕೇಳಬೇಕು.

1918ರಲ್ಲಿ ಸ್ಥಾಪನೆಯಾದ ಕಬ್ಬಿಣದ ಕಾರ್ಖಾನೆಯಿಂದಾಗಿ ಭದ್ರಾವತಿ ಹಲವು ಭಾಷೆ, ಹಲವು ಧರ್ಮದವರ ಊರಾಯಿತು. ಶಿವಮೊಗ್ಗವೂ ಹಾಗೆಯೇ. ನಮ್ಮ ಮಕ್ಕಳು ಎಲ್ಲರ ಜೊತೆ ಕುಳಿತು ಓದುತ್ತಾರೆ. ಸ್ನೇಹ, ಆಕರ್ಷಣೆ ವಯಸ್ಸಿನ ಸಹಜ ಗುಣ. ಅದನ್ನು ಮಗು ಮೊದಲು ಅಮ್ಮಿಗೋ ಅಬ್ಬಾಗೋ ಹೇಳುವಂತಿರಬೇಕು. ಕೇಳಿದ ಕೂಡಲೇ ಕೈ ಎತ್ತಿದರೆ, ಕಾಲೇಜು ಬಿಡಿಸಿದರೆ, ಮುಂದಿನ ಮಾತು ನಿಮಗೆ ಎಂದೂ ತಿಳಿಯುವುದಿಲ್ಲ.

ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ಆ ಪ್ರೇಮಕಥೆ ಐದು ದಿನಗಳೊಳಗೆ ಮುಗಿದುಹೋಗುತ್ತದೆ. ರೋಮಿಯೋ ಸ್ವಲ್ಪ ಹೊತ್ತು ತಡೆದಿದ್ದರೆ ಜೂಲಿಯೆಟ್ ಕಣ್ಣು ತೆರೆಯುತ್ತಿದ್ದಳು. ಎಲ್ಲ ಮುಗಿಯಿತು ಎನಿಸಿದಾಗ ಫೂಫಿಯೊಂದಿಗೋ, ಖಾಲಾ ಜೊತೆಗೋ, ನಿಮ್ಮ ಶಿಕ್ಷಕರೊಂದಿಗೋ ಮಾತಾಡಿ. 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ನಾಟಕದ ಕೊನೆಗೆ ತಂದೆಯರಿಬ್ಬರೂ ಕೈ ಹಿಡಿದುಕೊಂಡು, ಒಬ್ಬರ ಮಗುವಿಗೆ ಇನ್ನೊಬ್ಬರು ಬಂಗಾರದ ಪ್ರತಿಮೆ ಮಾಡಿಸುವ ಮಾತು ಕೊಡುತ್ತಾರೆ. ಮಕ್ಕಳು ಬದುಕಿದ್ದಾಗ ಆ ಕೈಗಳು ಕೂಡಲಿಲ್ಲ. ಇಂದು ರಾತ್ರಿ ಊಟಕ್ಕೆ ಕುಳಿತಾಗ ನಿಮ್ಮ ಮಕ್ಕಳನ್ನು ಮಾತಾಡಿಸಿ, ಅವರು ಹೇಳಿ ಮುಗಿಸುವವರೆಗೂ ಕೇಳಿ ಎಂದು ವಿನಂತಿಸಿ ನನ್ನ ಮಾತು ಮುಗಿಸುತ್ತೇನೆ.